ಸಹಿ ಹಾಕುವ ಮುಂಚೆ, ಪುಟ್ಟಿ

ಪ್ರೀತಿಯ ಪುಟ್ಟಿ,

ಕಂಪನಿಯವರು ನಿನ್ನ ಹಾಡುಗಳನ್ನು ತಗೊಳ್ತಾರೆ, ಸೋಮವಾರ ಸಹಿ ಅಂತ ನಿನ್ನೆ ಫೋನಿನಲ್ಲಿ ಹೇಳಿದಾಗ ಎಷ್ಟು ಖುಷಿಯಾಯಿತು ಗೊತ್ತಾ? ಆದರೆ "ಒಪ್ಪಂದದ ಕಾಗದ ಪೂರ್ತಿ ಓದಿದೆಯಾ?" ಅಂತ ಕೇಳಿದ್ದಕ್ಕೆ "ಅದು ಎಲ್ಲರಿಗೂ ಒಂದೇ ಥರ ಇರುತ್ತಪ್ಪಾ" ಅಂದೆ ನೋಡು, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅಮೆರಿಕದ ರಾಕ್ ಗಾಯಕ ಟಾಮ್ ಪೆಟ್ಟಿಯ ಹಾಡು ನಿನಗೆ ಬಾಯಿಪಾಠ. ಅವನು ಪಟ್ಟ ಪಾಡನ್ನು ಮಾತ್ರ ನಾನು ಯಾವತ್ತೂ ಹೇಳಿಲ್ಲ.

ಅವನು ಹುಟ್ಟಿದ್ದು 1950ರಲ್ಲಿ, ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ. 1961ರಲ್ಲಿ, ಹತ್ತು ವರ್ಷದವನಿದ್ದಾಗ, ಹತ್ತಿರದ ಒಕಾಲಾದಲ್ಲಿ ಸಿನಿಮಾ ಶೂಟಿಂಗಿಗೆ ಬಂದಿದ್ದ ಹೆಸರಾಂತ ಗಾಯಕ ಎಲ್ವಿಸ್ ಪ್ರೀಸ್ಲಿಯನ್ನು ನೋಡಿದ. ಮನೆಗೆ ಬಂದವನೇ ತನ್ನ ಕವಣೆಯನ್ನು ಗೆಳೆಯನಿಗೆ ಕೊಟ್ಟು, ಬದಲಿಗೆ ಎಲ್ವಿಸ್‌ನ ರೆಕಾರ್ಡುಗಳನ್ನು ತಗೊಂಡ. ಅಪ್ಪನಿಗೆ ಮಗನ ಈ ಹುಚ್ಚು ಸರಿಬರಲಿಲ್ಲ. ಹೊಡೆಯುತ್ತಿದ್ದರು. ಇದನ್ನು ಓದಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾನು ನಿನಗೆ ಕೈ ಎತ್ತಲಿಲ್ಲ ನಿಜ, ಆದರೆ ನೀನು ಗಿಟಾರ್ ಹಿಡಿದ ಮೊದಲ ವರ್ಷ ನಾನು ಮುಖ ಗಂಟುಹಾಕಿಕೊಂಡೇ ಓಡಾಡಿದೆ, ಅಲ್ವಾ? ಅದು ತಪ್ಪು, ಮಗಳೇ.

1974ರಲ್ಲಿ ಗೆಳೆಯರ ಜೊತೆ ಲಾಸ್ ಏಂಜಲೀಸ್‌ಗೆ ಹೋದ. ಒಂದು ಕಂಪನಿ ಕೈ ಹಿಡಿಯಿತು, ಖುಷಿಯಲ್ಲಿ ಸಹಿ ಹಾಕಿಬಿಟ್ಟ. ಹಾಡುಗಳ ಪಬ್ಲಿಷಿಂಗ್ ಹಕ್ಕೂ ಅದರಲ್ಲೇ ಹೋಯಿತು. ಪಬ್ಲಿಷಿಂಗ್ ಅಂದರೆ ಹಾಡಿನ ಪುಸ್ತಕ ಅಚ್ಚು ಹಾಕುವುದು ಅಂದುಕೊಂಡಿದ್ದನಂತೆ! ಬರೆದ ಹಾಡು ರೇಡಿಯೋದಲ್ಲಿ ಬಂದಾಗ, ಬೇರೆಯವರು ಹಾಡಿದಾಗ ಬರುವ ದುಡ್ಡಿನ ದೊಡ್ಡ ಪಾಲು ಆ ಹಕ್ಕಿನ ಜೊತೆಗೇ ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. 1976ರಲ್ಲಿ ಅವನ ಹಾರ್ಟ್‌ಬ್ರೇಕರ್ಸ್ ತಂಡದ ಮೊದಲ ಆಲ್ಬಮ್ ಬಂತು, ಹೆಸರೂ ಬಂತು. ಕಂಪನಿಯ ಸಾಲ ಮಾತ್ರ ತೀರಲಿಲ್ಲ.

1979ರಲ್ಲಿ ಅವನ ರೆಕಾರ್ಡುಗಳನ್ನು ಹಂಚುತ್ತಿದ್ದ ಎಬಿಸಿ ಕಂಪನಿಯನ್ನು ಎಂಸಿಎ ಅನ್ನುವ ಇನ್ನೊಂದು ರೆಕಾರ್ಡ್ ಕಂಪನಿ ಕೊಂಡುಕೊಂಡಿತು. ಒಪ್ಪಂದದ ಜೊತೆ ಟಾಮ್ ಕೂಡ ಅವರ ಪಾಲಾದ. ತನ್ನನ್ನು ಒಂದು ಮಾತೂ ಕೇಳದೆ ಹೀಗೆ ಕೈ ಬದಲಾಯಿಸುವುದನ್ನು ಅವನು ಒಪ್ಪಲಿಲ್ಲ. ಹಳೆಯ ಒಪ್ಪಂದಗಳಿಂದ ಬಿಡಿಸಿಕೊಳ್ಳಲು ದಿವಾಳಿ ಅರ್ಜಿ ಹಾಕಿದ. ಕೋರ್ಟು ಕಚೇರಿ ಶುರುವಾಯಿತು. ಹಗಲು ವಕೀಲರು, ರಾತ್ರಿ ಸ್ಟುಡಿಯೋ. ಟೇಪುಗಳನ್ನು ಜಪ್ತಿ ಮಾಡಿಬಿಟ್ಟರೆ ಅಂತ ಭಯ. ಅದಕ್ಕೆ ರೆಕಾರ್ಡಿಂಗ್ ಮುಗಿದ ಮೇಲೆ ಅವನ ಸಹಾಯಕ ಬಗ್ಸ್ ವೈಡೆಲ್ ಟೇಪುಗಳನ್ನು ಹೊತ್ತುಕೊಂಡು ಹೋಗಿ ಬಚ್ಚಿಡುತ್ತಿದ್ದ. ಎಲ್ಲಿ ಅಂತ ಟಾಮ್‌ಗೂ ಹೇಳುತ್ತಿರಲಿಲ್ಲ. ಕೋರ್ಟಿನಲ್ಲಿ ಕೇಳಿದರೆ "ಗೊತ್ತಿಲ್ಲ" ಅನ್ನುವ ಮಾತು ಸುಳ್ಳಾಗಬಾರದಲ್ಲ! ತಾನೇ ಬರೆದ ಹಾಡು ಈ ರಾತ್ರಿ ಎಲ್ಲಿದೆ ಅಂತ ತನಗೇ ಗೊತ್ತಿಲ್ಲದೆ ಮಲಗುವುದು ಹೇಗಿರುತ್ತದೆ, ಯೋಚನೆ ಮಾಡು.

ಕೊನೆಗೆ ರಾಜಿಯಾಯಿತು. ಹಾಡುಗಳ ಹಕ್ಕು ವಾಪಸ್ ಬಂತು. ಆ ಟೇಪುಗಳೇ ಅದೇ ವರ್ಷ 'ಡ್ಯಾಮ್ ದ ಟಾರ್ಪಿಡೋಸ್' ಆಗಿ ಬಂದು, ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. 1981ರಲ್ಲಿ ಮುಂದಿನ ಆಲ್ಬಮ್ಮಿಗೆ ಕಂಪನಿ 8.98 ಡಾಲರ್ ಬದಲು 9.98 ಇಡಲು ಹೊರಟಿತು. ಕೇಳುಗರ ಜೇಬಿನಿಂದ ಒಂದು ಡಾಲರ್ ಜಾಸ್ತಿ ಯಾಕೆ ಕೀಳಬೇಕು ಅಂತ ಹಟ ಹಿಡಿದು ಅದನ್ನೂ ನಿಲ್ಲಿಸಿದ. ನನಗೆ ಅವನು ಮನೆಯವನೇ ಅನ್ನಿಸಿದ್ದು ಇದನ್ನು ಓದಿದ ದಿನ.

ಕಷ್ಟ ಆಮೇಲೂ ಬಿಡಲಿಲ್ಲ. 1984ರಲ್ಲಿ ಸಿಟ್ಟಿನಲ್ಲಿ ಗೋಡೆಗೆ ಗುದ್ದಿ ಎಡಗೈ ಮುರಿದುಕೊಂಡ. 1987ರಲ್ಲಿ ಯಾರೋ ಮನೆಗೆ ಬೆಂಕಿ ಇಟ್ಟರು. ಆಮೇಲೆ ಬಂದದ್ದು ನಿನಗಿಷ್ಟದ 'ಐ ವೋಂಟ್ ಬ್ಯಾಕ್ ಡೌನ್'. ಅದನ್ನು ಹಾಡುವ ದಿನ ಅವನಿಗೆ ನೆಗಡಿ, ಮೂಗು ಕಟ್ಟಿತ್ತು. ಗೆಳೆಯ, ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್, ಅಂಗಡಿಗೆ ಹೋಗಿ ಶುಂಠಿ ತಂದು, ಕುದಿಸಿ, ಹಬೆ ತಗೊಳ್ಳಲು ಪಾತ್ರೆಯ ಮೇಲೆ ಅವನ ತಲೆ ಬಗ್ಗಿಸಿದ. ಆ ಹಾಡು ಕೇಳುವಾಗ ಈಗ ನಿನಗೂ ಶುಂಠಿ ಹಬೆ ನೆನಪಾಗುತ್ತದೆ.

2017ರಲ್ಲಿ ಸೊಂಟದ ಮೂಳೆ ಬಿರುಕು ಬಿಟ್ಟಿದ್ದರೂ ಪ್ರವಾಸ ಮುಗಿಸಿದ. ಕೊನೆಯ ಕಾರ್ಯಕ್ರಮವಾಗಿ ಒಂದು ವಾರಕ್ಕೆ, ಅಕ್ಟೋಬರ್ 2ರಂದು, ಹೋಗಿಬಿಟ್ಟ. ನೋವಿಗೆ ಅಂತ ತಗೊಂಡ ಔಷಧಿಗಳು, ಬೇರೆ ಮಾತ್ರೆಗಳು ಸೇರಿ ಮಿತಿಮೀರಿದ್ದವು.

ಸಹಿ ಹಾಕಲೇಬೇಡ ಅಂತ ನಾನು ಹೇಳುತ್ತಿಲ್ಲ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ಕಾಗದದ ಎಲ್ಲ ಪುಟಗಳ ಫೋಟೋ ಕಳಿಸು, ಸಣ್ಣಕ್ಷರ ಇರುವ ಕೊನೆಯ ಪುಟವನ್ನೂ. 'ಹಕ್ಕು' ಅಂತ ಇರುವಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆ. ಒಬ್ಬ ವಕೀಲರನ್ನು ಹಿಡಿದು ಒಟ್ಟಿಗೆ ಕೂತು ಓದೋಣ. ಇವತ್ತು ರಾತ್ರಿಯೇ ಕಳಿಸು, ಎಚ್ಚರವಾಗಿರ್ತೀನಿ.

ನಿನ್ನ
ಅಪ್ಪ