ಮಳೆಗಾಲದಲ್ಲೂ ಬಂದು ಕೂತವರಿಗೆ

ನಮ್ಮ ಸಭಾಂಗಣದ ಈ ವರ್ಷದ ಸಂಗೀತ ಸರಣಿ ಮೊನ್ನೆ ಭಾನುವಾರ ಮುಗಿಯಿತು. ಜೂನ್‌ನಲ್ಲಿ ಶುರು ಮಾಡಿದ್ದು. ನಡುವೆ ಒಮ್ಮೆ ಇನ್ನು ಮುಂದಕ್ಕೆ ಹೋಗಲಿಕ್ಕಿಲ್ಲ ಅನಿಸಿತ್ತು. ಆದರೂ ಡಿಸೆಂಬರ್‌ವರೆಗೆ ನಡೆಯಿತು. ನಡೆಸಿಕೊಟ್ಟವರಿಗೆ ಕೈಮುಗಿದು ನಾಲ್ಕು ಮಾತು ಹೇಳಬೇಕು.

ಮಂಗಳೂರಿನ ಮಳೆಯಲ್ಲಿ ಯಾರಾದರೂ ಕಾರ್ಯಕ್ರಮ ಇಡ್ತಾರಾ ಮಾರಾಯ್ರೆ ಅಂತ ಸುಮಾರು ಜನ ಕೇಳಿದ್ದರು. ನಾವು ಇಡಲಿಕ್ಕೂ ಕಾರಣ ಇತ್ತು. ಮೇ ಕೊನೆಗೆ ಬರುವ ತುಳುವರ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ತಿರುಗಾಟ ಮುಗಿಸುತ್ತವೆ. ತಿರುಗಾಟದ ಸಮಯದಲ್ಲಿ ಒಂದು ಸಂಜೆಗೂ ಸಿಗದ ಭಾಗವತರು, ಚೆಂಡೆ ಮದ್ದಳೆಯವರು ಆಮೇಲೆ ಸ್ವಲ್ಪ ಬಿಡುವಾಗುತ್ತಾರೆ. ಹಾಗಾಗಿ ಗಾನ ವೈಭವದಿಂದಲೇ ಆರಂಭಿಸಿದೆವು. ವೇಷವಿಲ್ಲ, ಕುಣಿತವಿಲ್ಲ, ಬರೀ ಯಕ್ಷಗಾನದ ಪದ, ಅಂದರೆ ಹಾಡು. ಅರ್ಧದಲ್ಲಿ ಕರೆಂಟ್ ಹೋಯಿತು. ಭಾಗವತರು ನಿಲ್ಲಿಸಲಿಲ್ಲ. ಹೊರಗೆ ಜಡಿಮಳೆ, ಒಳಗೆ ಮೈಕಿಲ್ಲದ ಆ ಏರು ಸ್ವರ ಕೊನೆಯ ಸಾಲಿಗೂ ಮುಟ್ಟಿತು. ಅವರಿಗೆ ಮೊದಲ ನಮಸ್ಕಾರ.

ಮಳೆಯಿಂದ ನಮಗಿಂತ ಜಾಸ್ತಿ ಕಷ್ಟ ವಾದ್ಯಗಳಿಗೆ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಡೆದ ಕರ್ನಾಟಕ ಸಂಗೀತ ಕಛೇರಿಯ ದಿನ ಮೃದಂಗದ ಚರ್ಮ ತೇವಕ್ಕೆ ಸಡಿಲವಾಗಿ ಶ್ರುತಿ ನಿಲ್ಲುತ್ತಲೇ ಇರಲಿಲ್ಲ. ಕಲಾವಿದರು ಅಂಚಿಗೆ ಕಲ್ಲಿನಿಂದ ತಟ್ಟುವುದು, ಬೆರಳಿಟ್ಟು ಕೇಳುವುದು, ಮತ್ತೆ ತಟ್ಟುವುದು. ಎಡಬದಿಗೆ ಕಲಸಿ ಹಚ್ಚಲು ತಂದಿದ್ದ ರವೆ ಚೀಲದೊಳಗೇ ಒದ್ದೆಯಾಗಿತ್ತು. ಅಡುಗೆಮನೆಯಿಂದ ಅಕ್ಕ ಓಡಿ ಬಂದು ಸಜ್ಜಿಗೆಗೆ ಇಟ್ಟಿದ್ದ ರವೆಯನ್ನೇ ಒಂದು ಹಿಡಿ ಕೊಟ್ಟರು. ಅವತ್ತು ಮೃದಂಗ ಒಂದೇ ನುಡಿಯುವ ತನಿ ಆವರ್ತನಕ್ಕೆ ಬಿದ್ದ ಚಪ್ಪಾಳೆಯಲ್ಲಿ ಆ ಅಕ್ಕನಿಗೂ ಪಾಲಿದೆ.

ಆಗಸ್ಟ್ ಕೊನೆಗೆ ಪ್ರಾಯೋಜಕರೊಬ್ಬರು ಹಿಂದೆ ಸರಿದರು. ಆಗಲೇ ಕಲಾವಿದರಿಗೆ ಮಾತು ಕೊಟ್ಟಾಗಿತ್ತು. ಬಾಗಿಲ ಬಳಿ ಒಂದು ಡಬ್ಬಿ ಇಟ್ಟೆವು, ಅಷ್ಟೇ. ಕೇಳಲು ಬಂದವರು ಸದ್ದಿಲ್ಲದೆ ಹಾಕಿ ಹೋದರು. "ಬಸ್ಸಿನ ಖರ್ಚು ಕೊಡಿ ಸಾಕು, ಉಳಿದದ್ದು ಆಮೇಲೆ ನೋಡುವ" ಅಂದ ಕಲಾವಿದರೂ ಇದ್ದಾರೆ. ಈಗ ಎಲ್ಲರ ಬಾಕಿಯೂ ತೀರಿದೆ.

ಸ್ಯಾಕ್ಸೊಫೋನ್ ಸಂಜೆಗೆ ಕುರ್ಚಿ ಸಾಲಲಿಲ್ಲ. ಸಾಲುವುದಾದರೂ ಹೇಗೆ, ಕದ್ರಿ ಗೋಪಾಲನಾಥರ ಊರಲ್ವಾ ಇದು! ಬ್ಯಾಂಡಿನ ವಾದ್ಯದಲ್ಲಿ ಸ್ವರಗಳ ಓಲಾಟವಾದ ಗಮಕ ಹೊರಡಿಸಿ ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಕೂರಿಸಿದವರು ಅವರು. ಅವರು ಹೋದದ್ದು 2019ರಲ್ಲಿ. ಇವತ್ತು ನಮ್ಮ ಕಡೆಯ ಮದುವೆ, ಜಾತ್ರೆ ಎಲ್ಲಿ ಹೋದರೂ ಆ ನಾದ ಕೇಳುತ್ತದೆ. ಅವತ್ತು ನುಡಿಸಿದ ಹುಡುಗಿ ಕಲ್ಯಾಣಿ ರಾಗವನ್ನು ಆತುರವಿಲ್ಲದೆ ಬೆಳೆಸಿದ ರೀತಿಗೆ ಹಿರಿಯರು ತಲೆದೂಗಿದರು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಕೊಂಕಣಿ ಘುಮಟ್ ಸಂಜೆ. ಘುಮಟ್ ಅಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು, ಅದಕ್ಕೀಗ ಕಾನೂನಿನ ನಿಷೇಧ ಇದೆ, ಆಡಿನ ಚರ್ಮ ಬಂದಿದೆ. ಬಲಗೈ ಬಾರಿಸುವಾಗ ಎಡಗೈ ಸಣ್ಣ ಬಾಯಿಯನ್ನು ಮುಚ್ಚುತ್ತಾ ತೆರೆಯುತ್ತಾ ಇರುತ್ತದೆ. ನಾದ ಬದಲಾಗುವುದು ಅಲ್ಲಿ. ಮುಂದಿನ ಸಾಲಲ್ಲಿ ಕೂತಿದ್ದ ನಮ್ಮ ಹಳೆಯ ಚೆಂಡೆಯವರೊಬ್ಬರು ಕೊನೆಯವರೆಗೂ ಆ ಎಡಗೈಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ವೇದಿಕೆ ಹತ್ತಿ, ಒಮ್ಮೆ ಕೊಡಿ ಅಂತ ಕೇಳಿ ಬಾರಿಸಿಯೇಬಿಟ್ಟರು.

ನಾನು ಹೆಚ್ಚು ಋಣಿ ಇಂಥವರಿಗೆ. ತಮ್ಮ ಮನೆಯ, ತಮ್ಮ ಭಾಷೆಯ ಸಂಗೀತಕ್ಕೆ ಎಲ್ಲರೂ ಬರುತ್ತಾರೆ. ಆದರೆ ಕಛೇರಿ ಕೇಳುವವರು ಘುಮಟಿಗೆ ಬಂದರು. ಇಗರ್ಜಿಯಲ್ಲಿ ಹಾಡುವ ಮಕ್ಕಳು ಭಾಗವತಿಕೆ ಕೇಳಲು ಬಂದು ಮಂಗಳ ಆಗುವವರೆಗೂ ಏಳಲಿಲ್ಲ. ಊರಿಗೊಂದು ಸಭಾಂಗಣ ಬೇಕಾಗಿರುವುದು ಇದಕ್ಕೇ ಅಂತ ನನ್ನ ನಂಬಿಕೆ.

ಮೈಕ್‌ನವರಿಗೆ, ಕುರ್ಚಿ ಎತ್ತಿಟ್ಟ ಹುಡುಗರಿಗೆ, ರಾತ್ರಿ ತಡವಾದರೂ ಬೇಸರಪಡದ ಅಕ್ಕಪಕ್ಕದ ಮನೆಯವರಿಗೆ ತುಂಬಾ ಥ್ಯಾಂಕ್ಸ್. ಬರುವ ವರ್ಷಕ್ಕೆ ಬ್ಯಾರಿ ಮುಸ್ಲಿಮರ ದಫ್ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ) ತಂಡವೊಂದು ಒಪ್ಪಿಕೊಂಡಿದೆ. ಆರಂಭ ಈ ಸಲದಂತೆಯೇ ಪತ್ತನಾಜೆ ಕಳೆದ ಮೇಲೆ. ಕೊಡೆ ಹಿಡ್ಕೊಂಡು ಬನ್ನಿ.