ಬಿಡದಿಯ ಹೊಸ ನಗರಕ್ಕೆ ಮೊದಲು ಒಂದು ತಾರೀಕು ಗೊತ್ತಾಗಲಿ

ಮಾನ್ಯ ಸಂಪಾದಕರೆ,

ಬಿಡದಿ ಹೋಬಳಿಯ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಗ್ರೇಟರ್ ಬೆಂಗಳೂರು ಸಮಗ್ರ ಉಪನಗರವನ್ನು ನಿರ್ಮಿಸುವ ಉದ್ದೇಶದಿಂದ 2025ರ ಮಾರ್ಚ್‌ನಲ್ಲಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಬಿದ್ದಾಗಿನಿಂದ ತಮ್ಮ ಪತ್ರಿಕೆಯಲ್ಲಿ ಬರುತ್ತಿರುವ ವರದಿ, ಹೇಳಿಕೆ, ಪ್ರತಿಹೇಳಿಕೆಗಳನ್ನು ತಪ್ಪದೆ ಓದುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಎರಡೇ ಪ್ರಶ್ನೆಗಳ ಸುತ್ತ ನಡೆಯುತ್ತಿವೆ. ಎಕರೆಗೆ ಎಷ್ಟು ಕೋಟಿ ಎಂಬುದು ಒಂದು. ಈ ಯೋಜನೆಯನ್ನು ಹುಟ್ಟಿಸಿದವರು ಯಾರು ಎಂಬುದು ಇನ್ನೊಂದು. ಸೇವಾವಧಿಯನ್ನೆಲ್ಲ ಭೂಮಾಪಕನಾಗಿ ಈ ಸೀಮೆಯ ಬದುಗಳ ಮೇಲೆ ಕಳೆದ ನನಗೆ ಇವೆರಡಕ್ಕಿಂತ ಮುಖ್ಯವೆಂದು ತೋರುವ ಮೂರನೆಯ ಪ್ರಶ್ನೆಯೊಂದಿದೆ. ನಗರವನ್ನು ಕಟ್ಟುವುದಾದರೆ ಯಾವ ತಾರೀಕಿನೊಳಗೆ ಕಟ್ಟುತ್ತೀರಿ, ಅಷ್ಟರೊಳಗೆ ಆಗದಿದ್ದರೆ ಜಮೀನಿನ ಗತಿ ಏನು?

ಬೆಂಗಳೂರು ಬೆಳೆಯಬಾರದು ಎನ್ನುವವನು ನಾನಲ್ಲ. 2023ರಲ್ಲಿ ಮೈಸೂರು ಹೆದ್ದಾರಿ ಅಗಲವಾಗಿ, ಅದೇ ವರ್ಷ ಮೆಟ್ರೊ ಚಲ್ಲಘಟ್ಟದವರೆಗೆ ಬಂದ ಮೇಲೆ ನಗರ ನಮ್ಮ ಕಡೆಗೆ ಹರಿಯುವುದನ್ನು ಯಾರೂ ತಡೆಯಲಾರರು. ಯೋಜನೆಯಿಲ್ಲದೆ ಗೋಡೌನು, ಲೇಔಟುಗಳು ಎದ್ದು ನಿಲ್ಲುವುದಕ್ಕಿಂತ ರಸ್ತೆ, ಚರಂಡಿ, ಉದ್ಯಾನಗಳನ್ನು ಮೊದಲೇ ಗುರುತು ಮಾಡಿದ ಊರು ಮೇಲು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಗುರುತು ಮಾಡಿದ್ದೇ ಸಾಧನೆಯೆಂದುಕೊಂಡು ಕೈಬಿಟ್ಟರೆ ಆಗುವ ಹಾನಿಯನ್ನು ಈ ಹಳ್ಳಿಗಳಷ್ಟು ಬಲ್ಲವರು ಕಡಿಮೆ.

ಎಚ್.ಡಿ. ಕುಮಾರಸ್ವಾಮಿಯವರು ಮೊದಲ ಬಾರಿ ಮುಖ್ಯಮಂತ್ರಿಯಾಗಿದ್ದ 2006ರ ಸುಮಾರಿಗೆ ರಾಜಧಾನಿಯ ಸುತ್ತ ಬಿಡದಿ, ರಾಮನಗರ, ಸೋಲೂರು, ಸಾತನೂರು, ನಂದಗುಡಿ ಎಂದು ಐದು ಉಪನಗರಗಳ ಯೋಜನೆ ಸಿದ್ಧವಾಯಿತು. ಬಿಡದಿಯೊಂದಕ್ಕೇ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆ ಗುರುತಿಸಲಾಯಿತು. ಕಟ್ಟಲು ಆಯ್ಕೆಯಾಗಿದ್ದ ಖಾಸಗಿ ಕಂಪನಿ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಜಮೀನು ಮಾತ್ರ ನಕ್ಷೆಯಲ್ಲಿ ಉಪನಗರದ ಬಣ್ಣ ಬಳಿದುಕೊಂಡೇ ಉಳಿಯಿತು. ನಮ್ಮಲ್ಲಿ ಅದಕ್ಕೆ ‘ರೆಡ್ ಝೋನ್’ ಎನ್ನುತ್ತಾರೆ. ಓದುಬರಹ ಬಾರದ ಅಜ್ಜಿಯ ಬಾಯಲ್ಲೂ ಈ ಪದವಿದೆ. ಕೇಂದ್ರ ಸರ್ಕಾರವು 2015ರಲ್ಲಿ ನೂರು ಸ್ಮಾರ್ಟ್ ಸಿಟಿಗಳ ಅಭಿಯಾನವನ್ನು ಆರಂಭಿಸಿದ ಮರುವರ್ಷ ಇಲ್ಲಿಗೆ ಬಿಡದಿ ಸ್ಮಾರ್ಟ್ ಸಿಟಿ ಯೋಜನಾ ಪ್ರಾಧಿಕಾರ ಬಂದಿತು. ಆ ಅಭಿಯಾನ 2025ರ ಮಾರ್ಚ್ ಅಂತ್ಯಕ್ಕೆ ಮುಗಿಯುವ ಹೊತ್ತಿಗೆ ಇಲ್ಲಿನ ಪ್ರಾಧಿಕಾರವು ಗ್ರೇಟರ್ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೆಂಬ ಹೆಸರು ಪಡೆದಿತ್ತು; ಬರಲಿರುವ ಊರು ಆಮೇಲೆ ದೇಶದ ಮೊದಲ ಎ.ಐ. (ಕೃತಕ ಬುದ್ಧಿಮತ್ತೆ) ನಗರವೆಂದು ಕರೆಸಿಕೊಳ್ಳತೊಡಗಿತು. ನಡುವೆ ನಮ್ಮ ಜಿಲ್ಲೆಯ ಹೆಸರೂ ರಾಮನಗರ ಹೋಗಿ ಬೆಂಗಳೂರು ದಕ್ಷಿಣವಾಯಿತು. ಇಷ್ಟು ಹೆಸರುಗಳು ಬದಲಾದ ಕಾಲದಲ್ಲಿ ಬದಲಾಗದೆ ಉಳಿದದ್ದು ಪಹಣಿಯಲ್ಲಿರುವ ತಾತಂದಿರ ಹೆಸರುಗಳು ಮಾತ್ರ.

ಇದನ್ನು ಚಮತ್ಕಾರಕ್ಕಾಗಿ ಹೇಳುತ್ತಿಲ್ಲ. ನನ್ನ ಚಿಕ್ಕಪ್ಪನ ಮಗನ ಕುಟುಂಬಕ್ಕೆ ಈ ವಲಯದಲ್ಲಿ ಮೂರು ಎಕರೆ ಎಂಟು ಗುಂಟೆ ಜಮೀನಿದೆ. ಪಹಣಿ ಇಂದಿಗೂ ತೀರಿಹೋದ ತಾತನ ಹೆಸರಿನಲ್ಲಿದೆ. ನಾಲ್ವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು, ತಲಾ ಮೂವತ್ತೆರಡು ಗುಂಟೆಯಲ್ಲಿ ಹಿಪ್ಪುನೇರಳೆ, ಮೇವಿನ ಜೋಳ ಬೆಳೆದುಕೊಂಡಿದ್ದಾರೆ. ಹೇಗೂ ಸರ್ಕಾರ ತೆಗೆದುಕೊಳ್ಳುವ ಜಮೀನು, ಇದಕ್ಕೆ ತೀರಿಹೋದವರ ಹೆಸರಿನಿಂದ ವಾರಸುದಾರರಿಗೆ ವರ್ಗಾಯಿಸುವ ಪೌತಿ ಖಾತೆ ಏಕೆ, ಪಾಲುಗಳನ್ನು ಅಳೆದು ಬೇರ್ಪಡಿಸುವ ಪೋಡಿ ಏಕೆ ಎಂಬ ಉದಾಸೀನ ಒಂದು ಕಡೆ; ಪೋಡಿಯಾಗದ ಜಮೀನಿಗೆ ಸಾಲ ಕೊಡುವುದಿಲ್ಲವೆಂಬ ಬ್ಯಾಂಕು ಇನ್ನೊಂದು ಕಡೆ. ಹತ್ತು ವರ್ಷಗಳ ಹಿಂದೆ ಆತ ರೇಷ್ಮೆ ಹುಳು ಸಾಕಲು ಪ್ರತ್ಯೇಕ ಮನೆ ಕಟ್ಟಲು ಹೊರಟ. ಕಂಬಗಳು ಎದೆಮಟ್ಟಕ್ಕೆ ಬರುವಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿಯಿತು. ಬ್ಯಾಂಕಿನವರು ಕಾಗದಗಳನ್ನು ತಿರುವಿ ಹಾಕಿ, ಇದು ರೆಡ್ ಝೋನಿನಲ್ಲಿದೆಯಲ್ಲವೆ ಎಂದು ಕೇಳಿ ಕಡತ ಮುಚ್ಚಿದರು. ಆ ಆರು ಕಂಬಗಳು ಇಂದಿಗೂ ಹಾಗೆಯೇ ನಿಂತಿವೆ. ತಲೆಯಿಂದ ಹೊರಚಾಚಿದ ಸರಳುಗಳು ತುಕ್ಕು ಹಿಡಿದಿವೆ. ಎರಡು ಕಂಬಗಳ ನಡುವೆ ಬಟ್ಟೆ ಒಣಗಿಸುವ ತಂತಿ ಎಳೆದಿದ್ದಾರೆ, ಮೂರನೆಯದಕ್ಕೆ ಹಸು ಕಟ್ಟುತ್ತಾರೆ. ಹುಳುವಿನ ತಟ್ಟೆಗಳು ಇವತ್ತಿಗೂ ಮನೆಯ ನಡುಮನೆಯಲ್ಲೇ ಇವೆ. ಈ ನಷ್ಟಕ್ಕೆ ಯಾವ ಪರಿಹಾರದ ಪಟ್ಟಿಯಲ್ಲಿಯೂ ಕಾಲಂ ಇಲ್ಲ, ಏಕೆಂದರೆ ಆಗಿನ್ನೂ ಯಾವ ಸ್ವಾಧೀನವೂ ನಡೆದಿರಲಿಲ್ಲ.

ಕಾನೂನಿನಲ್ಲಿಯೂ ಇದೇ ಜಾಗದಲ್ಲಿ ಒಂದು ಬಿರುಕಿದೆ. ಈಗಿನ ಸ್ವಾಧೀನ ಪ್ರಕ್ರಿಯೆ ನಡೆಯುತ್ತಿರುವುದು 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಅಡಿಯಲ್ಲಿ. ಅದರ 17ನೇ ಕಲಂ ಪ್ರಾಥಮಿಕ ಅಧಿಸೂಚನೆಗೆ, 19ನೇ ಕಲಂ ಅಂತಿಮ ಘೋಷಣೆಗೆ ಸಂಬಂಧಿಸಿದವು. ಅಂತಿಮ ಘೋಷಣೆಯಾದ ಐದು ವರ್ಷಗಳಲ್ಲಿ ಯೋಜನೆಯನ್ನು ಗಣನೀಯವಾಗಿ ಕಾರ್ಯಗತಗೊಳಿಸದಿದ್ದರೆ ಅದು ರದ್ದಾಗುತ್ತದೆ ಎಂದು 27ನೇ ಕಲಂ ಹೇಳುತ್ತದೆ. ರೈತನಿಗೆ ಇದು ದೊಡ್ಡ ರಕ್ಷಣೆಯಂತೆ ಕಾಣುತ್ತದೆ. ಆದರೆ ಐದು ವರ್ಷದ ಗಡಿಯಾರ ಓಡತೊಡಗುವುದು ಅಂತಿಮ ಘೋಷಣೆಯ ದಿನದಿಂದ. ಅದಕ್ಕೂ ಹಿಂದೆ ನಕ್ಷೆಯಲ್ಲಿ ಬಣ್ಣ ಬಳಿದು ಹದಿನೆಂಟು ವರ್ಷ ಕಾಯಿಸಿದರೂ ಆ ಗಡಿಯಾರಕ್ಕೆ ಲೆಕ್ಕವಿಲ್ಲ. ಇನ್ನು ‘ಗಣನೀಯವಾಗಿ’ ಎಂದರೆ ಎಷ್ಟು ಎಂಬುದನ್ನು ನ್ಯಾಯಾಲಯವೇ ಹೇಳಬೇಕು, ಅದಕ್ಕೆ ಮತ್ತಷ್ಟು ವರ್ಷ. ಜಮೀನನ್ನು ಈಗ ಕೈಬಿಡಲು ಬರುವುದಿಲ್ಲ, ಇದು ಹಿಂದಿನವರೇ ಗುರುತಿಸಿದ್ದು ಎಂದು ಇಂದಿನ ಸರ್ಕಾರ ಹೇಳುವುದನ್ನು ಕೇಳುವಾಗ, ಹಿಂದಿನವರು ಗುರುತಿಸಿ ಮುಗಿಸದೆ ಹೋದದ್ದೇ ರೈತರ ದೂರು ಎಂಬುದು ಅವರಿಗೆ ಹೊಳೆಯಲಿಲ್ಲವೆ ಎನಿಸುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನವನ್ನು ಮೂರು ವರ್ಷಕ್ಕೂ ಮೀರಿದ ಹೋರಾಟದ ಬಳಿಕ 2025ರ ಜುಲೈನಲ್ಲಿ ಇದೇ ಸರ್ಕಾರ ಕೈಬಿಟ್ಟಿತು. ಕೈಬಿಡುವುದು ಅಸಾಧ್ಯವೇನಲ್ಲ.

ಪರಿಹಾರದ ವಿಷಯಕ್ಕೆ ಬಂದರೆ, ಹಣ ಬೇಡವೆಂದವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಪಾಲು ಕೊಡುವ 50:50ರ ಸೂತ್ರವನ್ನು ಮುಂದಿಡಲಾಗಿದೆ. ಸಭೆಗಳಲ್ಲಿ ಇದನ್ನು ‘ಅರ್ಧ ನಿಮಗೆ, ಅರ್ಧ ನಮಗೆ’ ಎಂದು ವಿವರಿಸುವುದನ್ನು ನಾನೇ ಕೇಳಿದ್ದೇನೆ. ಕೇಳುತ್ತ ಕುಳಿತ ರೈತ, ಎಕರೆಗೆ ಇಪ್ಪತ್ತು ಗುಂಟೆ ಬಂತು ಎಂದು ಮನಸ್ಸಿನಲ್ಲಿ ಗುಣಿಸಿಕೊಳ್ಳುತ್ತಾನೆ. ಹಳೆಯ ಅಳತೆಯವನಾದ ನನಗೆ ಲೆಕ್ಕ ಬೇರೆ ಕಾಣುತ್ತದೆ. 33 ಅಡಿಯ ಸರಪಳಿಯನ್ನು ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಹಿಡಿದರೆ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಒಂದು ಎಕರೆ. ಬಡಾವಣೆ ಮಾಡುವಾಗ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಬಿಟ್ಟು ನಿವೇಶನವಾಗಿ ಉಳಿಯುವುದು ಸಾಮಾನ್ಯವಾಗಿ ಶೇ 55ರ ಆಸುಪಾಸು, ಅಂದರೆ ಎಕರೆಯಲ್ಲಿ ಇಪ್ಪತ್ತೆರಡು ಗುಂಟೆ. ಅದರಲ್ಲಿ ಅರ್ಧವೆಂದರೆ ಹನ್ನೊಂದು. ನನ್ನ ತಮ್ಮನ ಮೂವತ್ತೆರಡು ಗುಂಟೆಗೆ ಎಂಟು ಮುಕ್ಕಾಲು ಗುಂಟೆಯಷ್ಟು ಬರುತ್ತದೆ, ಅದೂ ಪೋಡಿಯಾಗಿ ಅವನ ಹೆಸರಿಗೆ ಬಂದಿದ್ದರೆ. ಅಭಿವೃದ್ಧಿಯಾದ ಹನ್ನೊಂದು ಗುಂಟೆಯ ಬೆಲೆ ಒಂದು ಎಕರೆ ಹೊಲಕ್ಕಿಂತ ಹೆಚ್ಚಿರಬಹುದು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಪಾಲು ಕೇಳುವವನಿಗೆ ಗುಂಟೆಯ ಲೆಕ್ಕದಲ್ಲಿಯೇ ಬರೆದುಕೊಡಬೇಕು ಎಂಬುದಷ್ಟೇ ನನ್ನ ಮಾತು.

ಬೆಲೆ ಬರುವುದೂ ನಿವೇಶನ ಕೈಗೆ ಬಂದಾಗ. ಈ ವಿಚಾರದಲ್ಲಿ ರಾಜಧಾನಿಯ ಚರಿತ್ರೆ ಧೈರ್ಯ ಕೊಡುವಂಥದ್ದಲ್ಲ. ಅರ್ಕಾವತಿ ಬಡಾವಣೆಯ ಅಂತಿಮ ಅಧಿಸೂಚನೆ 2004ರದ್ದು. ಅಲ್ಲಿನ ವ್ಯಾಜ್ಯಗಳು ಎರಡು ದಶಕವಾದರೂ ಮುಗಿಯಲಿಲ್ಲ. ನಾಡಪ್ರಭು ಕೆಂಪೇಗೌಡ ಬಡಾವಣೆಯ ನಾಲ್ಕು ಸಾವಿರ ಎಕರೆಗೆ 2010ರಲ್ಲಿ ಅಂತಿಮ ಅಧಿಸೂಚನೆಯಾಯಿತು, 2016ರಿಂದ ನಿವೇಶನ ಹಂಚಿದರು. ಹಣ ಕಟ್ಟಿದವರು ನೀರು, ವಿದ್ಯುತ್ತು, ರಸ್ತೆಗಾಗಿ ವರ್ಷಗಟ್ಟಲೆ ಅಲೆದರು. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ 2003ರಲ್ಲಿ ಅಧಿಸೂಚಿಸಿದ ಜಮೀನಿನ ಪರಿಹಾರವು ಇಪ್ಪತ್ತು ವರ್ಷ ಕಳೆದರೂ ಕೈಸೇರದ ಪ್ರಕರಣವೊಂದರಲ್ಲಿ, 2019ರ ಮಾರುಕಟ್ಟೆ ಮೌಲ್ಯದಂತೆ ಹಣ ಕೊಡಿ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಬೇಕಾಯಿತು. ವಿಳಂಬಕ್ಕೂ ಬೆಲೆಯಿದೆ ಎಂಬುದನ್ನು ಒಪ್ಪಿಕೊಂಡ ಆ ತೀರ್ಪನ್ನು ಹೊಸ ನಗರದ ಯೋಜಕರು ಒಮ್ಮೆ ಓದಬೇಕೆಂದು ನನ್ನ ಕೋರಿಕೆ.

ಪಹಣಿಯಲ್ಲಿ ಹೆಸರೇ ಇಲ್ಲದವರ ಮಾತು ಇನ್ನೂ ಬೇರೆ. ಬೆಳೆಯ ಪಾಲಿನ ವಾರಕ್ಕೆ, ಗುತ್ತಿಗೆಗೆ ಉಳುವವರು, ತುಂಡು ಭೂಮಿಯೂ ಇಲ್ಲದೆ ಬದುವಿನ ಹುಲ್ಲು ಕೊಯ್ದು ಎರಡು ಹಸು ಸಾಕಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೆಣ್ಣುಮಕ್ಕಳು ಇಲ್ಲಿ ಪ್ರತಿ ಊರಿನಲ್ಲಿಯೂ ಇದ್ದಾರೆ. ಇವರಿಗೆ ಎಕರೆಯ ಕೋಟಿಯೂ ಇಲ್ಲ, 50:50ರ ಪಾಲೂ ಇಲ್ಲ. ಆಂಧ್ರದ ಅಮರಾವತಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಎಕರೆಯನ್ನು ಒಗ್ಗೂಡಿಸಿದಾಗ, ಉಳಿದ ಲೋಪಗಳೇನೇ ಇರಲಿ, ಭೂರಹಿತ ಕುಟುಂಬಗಳಿಗೆ ಹತ್ತು ವರ್ಷಗಳ ಕಾಲ ತಿಂಗಳಿಗೆ ₹2,500 ಪಿಂಚಣಿ ಎಂದು ಯೋಜನೆಯಲ್ಲಿಯೇ ಬರೆದಿದ್ದರು. ಅದೇ ಅಮರಾವತಿ 2019ರಲ್ಲಿ ಸರ್ಕಾರ ಬದಲಾದೊಡನೆ ಐದು ವರ್ಷ ಪಾಳುಬಿದ್ದದ್ದನ್ನೂ ಮರೆಯುವಂತಿಲ್ಲ. ಜಮೀನು ಕೊಟ್ಟವರ ಕೈಯಲ್ಲಿ ಆಗ ಹೊಲವೂ ಇರಲಿಲ್ಲ, ನಗರವೂ ಇರಲಿಲ್ಲ.

ನೀರಿನ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪತ್ರವೇ ಆದೀತು. ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಹೊಸ ನಗರದ ನಡುವೆಯೇ ಬೈರಮಂಗಲ ಕೆರೆ ಬರುತ್ತದೆ. ಬೇಸಾಯಕ್ಕೆಂದು 1940ರ ದಶಕದಲ್ಲಿ ಕಟ್ಟಿದ ಈ ಕೆರೆಗೆ ಇಂದು ವೃಷಭಾವತಿಯ ಮೂಲಕ ಬಂದು ಸೇರುವುದು ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ. ಕೆರೆಯ ಕೋಡಿಯಲ್ಲಿ ನೊರೆ ಎದ್ದು ಗಾಳಿಗೆ ಹಾರಿ ಪಕ್ಕದ ಹೊಲದ ಬೇಬಿಕಾರ್ನ್ ಮೇಲೆ ಕೂರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ನಕ್ಷೆಯಲ್ಲಿ ಇದನ್ನು ನೀಲಿ ಬಣ್ಣದಿಂದ ತೋರಿಸಿ ದಡದಲ್ಲಿ ವಿಹಾರಪಥ ಬರೆಯುವುದು ಸುಲಭ. ಮೇಲಿನ ನಗರ ತನ್ನ ಕೊಳಚೆಯನ್ನು ಶುದ್ಧ ಮಾಡಿ ಬಿಡದ ಹೊರತು ಕೆಳಗಿನ ನಗರ ಎಷ್ಟು ಬುದ್ಧಿವಂತವಾದರೂ ಆ ದಡದಲ್ಲಿ ಮೂಗು ಮುಚ್ಚಿಕೊಂಡೇ ನಡೆಯಬೇಕು. ಕುಡಿಯುವ ನೀರಿಗೂ ಕಾವೇರಿಯೇ ಗತಿ. 2024ರ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ ಆರಂಭವಾದದ್ದು ನಗರದಂಚಿನ 110 ಹಳ್ಳಿಗಳ ಹಳೆಯ ಬಾಯಾರಿಕೆಗೆ. ಹೊಸ ನಗರದ ಪಾಲು ಯಾವ ಹಂತದಿಂದ ಬರುತ್ತದೆ ಎಂಬುದನ್ನು ಯೋಜನೆ ಹೇಳಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಅಂತಿಮ ಅಧಿಸೂಚನೆಯನ್ನು ಹೊರಡಿಸುವುದೇ ಆದರೆ, ಹಣ ಕೈಸೇರುವ ದಿನ, ನಿವೇಶನದ ಹಕ್ಕುಪತ್ರ ಕೊಡುವ ದಿನ, ಈ ದಿನಗಳು ತಪ್ಪಿದರೆ ಜಮೀನು ತಾನಾಗಿ ಬಿಡುಗಡೆಯಾಗುವ ದಿನ ಅದರಲ್ಲಿಯೇ ಅಚ್ಚಾಗಲಿ. ಅದಕ್ಕೂ ಮೊದಲು ಊರೂರಿಗೆ ಭೂಮಾಪಕರನ್ನು ಕಳುಹಿಸಿ ಪೌತಿ ಖಾತೆ, ಪೋಡಿಗಳನ್ನು ಉಚಿತವಾಗಿ ಮುಗಿಸಿ, ಪ್ರತಿ ಸರ್ವೆ ನಂಬರಿಗೆ ಸಿಗುವ ಪಾಲನ್ನು ಗುಂಟೆಯಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ. ಸ್ವಾಧೀನ ಬೇಡವೆಂದು ತೀರ್ಮಾನವಾದರೆ, ಆ ಮಾತು ವೇದಿಕೆಯ ಮೇಲಷ್ಟೇ ಉಳಿಯದೆ ನಕ್ಷೆಯ ಬಣ್ಣವೂ ಅದೇ ದಿನ ಅಳಿಯಲಿ.

ನನ್ನ ತಮ್ಮನ ಹಿಪ್ಪುನೇರಳೆ ತೋಟ ಹಳತಾಗಿ ಸೊಪ್ಪು ಸಣ್ಣದಾಗಿದೆ. ಹೊಸದಾಗಿ ವಿ–1 ತಳಿಯ ಕಡ್ಡಿ ನೆಟ್ಟರೆ ಮುಂದಿನ ಹತ್ತು ಹನ್ನೆರಡು ವರ್ಷಕ್ಕೆ ಚಿಂತೆಯಿಲ್ಲ; ಆದರೆ ಬೇರು ಬಿಟ್ಟು ಒಳ್ಳೆಯ ಸೊಪ್ಪು ಬರುವಷ್ಟರಲ್ಲಿ ಜಮೀನು ಇರುತ್ತದೆಯೋ ಇಲ್ಲವೋ. ನೆಡಲೋ ಬೇಡವೋ ಎಂದು ಅವನು ನನ್ನನ್ನು ಕೇಳಿದ್ದಾನೆ. ಮುಂಗಾರಿಗೆ ಮುನ್ನ ಅವನಿಗೆ ಉತ್ತರ ಹೇಳಬೇಕಾಗಿದೆ.

ಇತಿ,
ನಿವೃತ್ತ ಭೂಮಾಪಕ,
ಬಿಡದಿ ಹೋಬಳಿ