ಓಹಾಯೊದ ಮೂರು ನಗರಗಳು: ಬೆಳೆದದ್ದು ಊರೋ, ಗಡಿಯೋ?

ಮಾನ್ಯ ಸಂಪಾದಕರೇ,

ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್, ಕ್ಲೀವ್‌ಲ್ಯಾಂಡ್ ಮತ್ತು ಸಿನ್ಸಿನಾಟಿ ನಗರಗಳನ್ನು ಹೋಲಿಸಿ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. 2020ರ ಜನಗಣತಿಯ ಪ್ರಕಾರ ಕೊಲಂಬಸ್‌ನಲ್ಲಿ 9,05,748, ಕ್ಲೀವ್‌ಲ್ಯಾಂಡಿನಲ್ಲಿ 3,72,624 ಮತ್ತು ಸಿನ್ಸಿನಾಟಿಯಲ್ಲಿ 3,09,317 ಮಂದಿ ವಾಸವಾಗಿದ್ದರೆಂದು ಕೊಟ್ಟಿರುವ ಅಂಕಿಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟರ ಬಲದ ಮೇಲೆ ಕೊಲಂಬಸ್ ಗೆದ್ದಿತು, ಮಿಕ್ಕೆರಡು ಸೋತವು ಎಂದು ಲೇಖಕರು ತೀರ್ಪು ಕೊಟ್ಟಿರುವುದನ್ನು, ಕೊಲಂಬಸ್‌ನಲ್ಲೇ ಹನ್ನೊಂದು ವರ್ಷ ನೌಕರಿ ಮಾಡಿ ಆ ಊರಿನ ಬಗ್ಗೆ ಒಂದಿಷ್ಟು ಅಭಿಮಾನವನ್ನೂ ಉಳಿಸಿಕೊಂಡಿರುವ ನನಗೆ ಒಪ್ಪಲಾಗುತ್ತಿಲ್ಲ. ಅವರು ಅಳೆದಿರುವುದು ಊರಿನ ಬೆಳವಣಿಗೆಯನ್ನಲ್ಲ, ಪೌರಾಡಳಿತದ ಗಡಿಯನ್ನು.

ಕೊಲಂಬಸ್ ಇಷ್ಟು ದೊಡ್ಡದಾದದ್ದು ಹೇಗೆಂಬುದನ್ನು ಲೇಖನ ಪ್ರಸ್ತಾಪಿಸಿಯೇ ಇಲ್ಲ. 1950ರಲ್ಲಿ ಆ ನಗರದ ವಿಸ್ತೀರ್ಣ ಸುಮಾರು 40 ಚದರ ಮೈಲಿ, ಜನಸಂಖ್ಯೆ 3,75,901. ಇಂದು ವಿಸ್ತೀರ್ಣ ಸುಮಾರು 220 ಚದರ ಮೈಲಿ. 1954ರಲ್ಲಿ ಮೇಯರ್ ಹುದ್ದೆಗೆ ಬಂದ ಜ್ಯಾಕ್ ಸೆನ್ಸೆನ್‌ಬ್ರೆನರ್ ಅವರ ಆಡಳಿತವು, ನಗರದ ನೀರು ಮತ್ತು ಒಳಚರಂಡಿ ಸಂಪರ್ಕ ಬೇಕೆನ್ನುವ ಸುತ್ತಲಿನ ಜಮೀನು ಮೊದಲು ನಗರಕ್ಕೆ ಸೇರಬೇಕೆಂಬ ಷರತ್ತು ಹಾಕಿತು. ಬಡಾವಣೆ ಕಟ್ಟಲು ಹೊರಟವರಿಗೆ ನೀರಿಲ್ಲದೆ ಗತಿಯಿರಲಿಲ್ಲವಾದ್ದರಿಂದ, ಎಷ್ಟೋ ಹೊಲಗಳು ಬಡಾವಣೆಗಳಾಗುವ ಮುಂಚೆಯೇ ಕೊಲಂಬಸ್ ಆಗಿಬಿಟ್ಟವು. ಕ್ಲೀವ್‌ಲ್ಯಾಂಡ್ ಈರೀ ಸರೋವರದ ನೀರನ್ನು ಉಪನಗರಗಳಿಗೆ ಮಾರಿತು, ಅದಕ್ಕೆ ಪ್ರತಿಯಾಗಿ ಅವು ತನ್ನೊಳಗೆ ಸೇರಬೇಕೆಂದು ಹಠ ಹಿಡಿಯಲಿಲ್ಲ. ಲೇಕ್‌ವುಡ್, ಪಾರ್ಮಾ, ಶೇಕರ್ ಹೈಟ್ಸ್ ಮೊದಲಾದವು ಪ್ರತ್ಯೇಕ ನಗರಗಳಾಗಿ ಸುತ್ತುಗಟ್ಟಿದ ಮೇಲೆ ಅದಕ್ಕೆ ಕೈಕಾಲು ಚಾಚಲು ಜಾಗವೇ ಉಳಿಯಲಿಲ್ಲ. ಇಂದಿಗೂ ಅದರ ನೆಲ ಸುಮಾರು 78 ಚದರ ಮೈಲಿ. ಸಿನ್ಸಿನಾಟಿಯಂತೂ ನಾರ್ವುಡ್ ಎಂಬ ಊರನ್ನು ನಾಲ್ಕೂ ಕಡೆಯಿಂದ ಸುತ್ತುವರಿದಿದ್ದರೂ ಅದನ್ನು ಒಳಗೆ ಹಾಕಿಕೊಳ್ಳಲಾಗದೆ ಕುಳಿತಿದೆ.

ನಗರದ ಜೊತೆಗೆ, ಅಲ್ಲಿಗೆ ದುಡಿಯಲು ಬಂದು ಹೋಗುವವರ ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳಂಥವು) ಸೇರಿಸಿ ಮಹಾನಗರ ಪ್ರದೇಶದ ಲೆಕ್ಕ ಹಿಡಿದರೆ ಚಿತ್ರವೇ ಬದಲಾಗುತ್ತದೆ. 2020ರಲ್ಲಿ ಸಿನ್ಸಿನಾಟಿ ಪ್ರದೇಶದಲ್ಲಿ ಸುಮಾರು 22.5 ಲಕ್ಷ, ಕೊಲಂಬಸ್ ಪ್ರದೇಶದಲ್ಲಿ 21.4 ಲಕ್ಷ, ಕ್ಲೀವ್‌ಲ್ಯಾಂಡ್ ಪ್ರದೇಶದಲ್ಲಿ 20.9 ಲಕ್ಷ ಜನರಿದ್ದರು. ಲೇಖನದಲ್ಲಿ ಮೂರನೆಯ ಸ್ಥಾನಕ್ಕೆ ಇಳಿದ ಊರು ಇಲ್ಲಿ ಮೊದಲನೆಯದು. ಚದರ ಮೈಲಿಗೆ ಎಷ್ಟು ಜನರೆಂದು ನೋಡಿದರೆ, 1950ರಲ್ಲಿದ್ದ 9,14,808 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಕಳೆದುಕೊಂಡ ಕ್ಲೀವ್‌ಲ್ಯಾಂಡೇ ಇಂದಿಗೂ ಕೊಲಂಬಸ್‌ಗಿಂತ ದಟ್ಟವಾಗಿದೆ. 1950ರ ಗಡಿಯೊಳಗಿದ್ದ ಹಳೆಯ ಕೊಲಂಬಸ್ಸನ್ನು ಮಾತ್ರ ಎಣಿಸಿದರೆ ಅಲ್ಲಿಯೂ ಜನ ಕಡಿಮೆಯೇ ಆಗಿದ್ದಾರೆ.

ಹಾಗೆಂದು ಕೊಲಂಬಸ್‌ನ ಏಳಿಗೆ ಬರೀ ಕಾಗದದ ಮೇಲಿನದೆಂದು ನಾನು ವಾದಿಸುತ್ತಿಲ್ಲ. 2010ರಿಂದ 2020ರ ನಡುವೆ ಆ ಮಹಾನಗರ ಪ್ರದೇಶಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದರೆ, ಕ್ಲೀವ್‌ಲ್ಯಾಂಡ್ ಪ್ರದೇಶ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ರಾಜಧಾನಿಯ ಸರ್ಕಾರಿ ಕಚೇರಿಗಳು, ಬೃಹತ್ತಾದ ರಾಜ್ಯ ವಿಶ್ವವಿದ್ಯಾಲಯ, 1982ರಲ್ಲಿ ಸಮೀಪದ ಮೇರಿಸ್‌ವಿಲ್‌ನಲ್ಲಿ ಕಾರು ತಯಾರಿಕೆ ಆರಂಭಿಸಿದ ಹೋಂಡಾ ಇವೆಲ್ಲ ಅದರ ಆಧಾರ. ಗಡಿ ಹಿಗ್ಗಿಸಿದ್ದರಿಂದ ಬೊಕ್ಕಸಕ್ಕೂ ಲಾಭವಾಯಿತು. ಓಹಾಯೊದಲ್ಲಿ ನಗರಗಳು ಬಹುಮಟ್ಟಿಗೆ ಬದುಕುವುದು ಆದಾಯ ತೆರಿಗೆಯಿಂದ. ಆ ತೆರಿಗೆ ಮೊದಲು ಸಲ್ಲುವುದು ನೌಕರ ದುಡಿಯುವ ಊರಿಗೆ. ಊರಂಚಿನಲ್ಲಿ ಕಚೇರಿಗಳೆದ್ದರೂ ಅಲ್ಲಿನ ಸಂಬಳದ ಮೇಲಿನ ಶೇ 2.5ರ ತೆರಿಗೆ ಕೊಲಂಬಸ್‌ಗೇ ಬರುತ್ತದೆ. ಕ್ಲೀವ್‌ಲ್ಯಾಂಡ್‌ನಿಂದ ಉಪನಗರಕ್ಕೆ ಕಚೇರಿ ಹೋದರೆ ತೆರಿಗೆಯೂ ಅದರ ಹಿಂದೆಯೇ ಹೋಗುತ್ತದೆ.

ಇಷ್ಟಾದರೂ ಕೊಲಂಬಸ್‌ನ ಡೌನ್‌ಟೌನ್ ಆ ಗಡಿವಿಸ್ತಾರದಿಂದ ಸುಖಪಟ್ಟಿತೇ ಎಂಬ ಪ್ರಶ್ನೆ ಉಳಿಯುತ್ತದೆ. 1989ರಲ್ಲಿ ನಗರದ ನಟ್ಟನಡುವೆ, ಶಾಸನಭವನದಿಂದ ಕೂಗಳತೆಯಲ್ಲಿ, ಸಿಟಿ ಸೆಂಟರ್ ಎಂಬ ಭಾರಿ ಮಾಲ್ ತೆರೆಯಿತು. 1999ರಲ್ಲಿ ಈಸ್ಟನ್, 2001ರಲ್ಲಿ ಪೊಲಾರಿಸ್ ಹೊರವಲಯದಲ್ಲಿ ತೆರೆದವು. ಇವೆರಡೂ ಕೊಲಂಬಸ್‌ನ ಗಡಿಯೊಳಗೇ ಇರುವುದರಿಂದ ನಗರದ ಲೆಕ್ಕದಲ್ಲಿ ಇದು ಬೆಳವಣಿಗೆಯೇ. ನಡುವಿನ ಮಾಲ್ ಮಾತ್ರ ಒಂದೊಂದೇ ಅಂಗಡಿ ಮುಚ್ಚಿಕೊಂಡು 2009ರಲ್ಲಿ ಬಾಗಿಲು ಹಾಕಿತು. ಕೊನೆಗಾಲದಲ್ಲಿ ನಾನೊಮ್ಮೆ ಒಳಗೆ ಹೋಗಿದ್ದಾಗ ಎಸ್ಕಲೇಟರ್‌ಗಳು ಯಾರನ್ನೂ ಹೊರದೆ ಓಡುತ್ತಿದ್ದುದನ್ನು ಕಂಡಿದ್ದೇನೆ. ಕಟ್ಟಡವನ್ನು ಕೆಡವಿದ ಜಾಗ ಈಗ ಉದ್ಯಾನ.

ಕ್ಲೀವ್‌ಲ್ಯಾಂಡಿನಲ್ಲಿ ಆಗುತ್ತಿರುವುದು ಇದರ ಇನ್ನೊಂದು ಮಗ್ಗುಲು. 1978ರ ಡಿಸೆಂಬರಿನಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿದ್ದ ಆ ನಗರದಲ್ಲಿ ಕಚೇರಿಗಳು ತೆರವಾದ ಹಳೆಯ ಕಟ್ಟಡಗಳು ಒಂದರ ಹಿಂದೊಂದು ವಸತಿಗಳಾಗುತ್ತಿವೆ. 1930ರಲ್ಲಿ ಉದ್ಘಾಟನೆಯಾದ ಟರ್ಮಿನಲ್ ಟವರ್‌ನ ಕೆಲವು ಅಂತಸ್ತುಗಳಲ್ಲೂ ಈಗ ಸಂಸಾರಗಳಿವೆ. ಯೂಕ್ಲಿಡ್ ಅವೆನ್ಯೂವಿನಲ್ಲಿರುವ, 1908ರಲ್ಲಿ ಕಟ್ಟಿದ ಬ್ಯಾಂಕೊಂದರ ದುಂಡು ಸಭಾಂಗಣ 2015ರಲ್ಲಿ ದಿನಸಿ ಅಂಗಡಿಯಾಯಿತು. ಬಣ್ಣದ ಗಾಜಿನ ಗುಮ್ಮಟದ ಕೆಳಗೆ, ಅಮೃತಶಿಲೆಯ ಕಂಬಗಳ ನಡುವೆ ನಿಂತು ನಾನು ಈರುಳ್ಳಿ ಆರಿಸಿದ್ದೇನೆ. ಜನಸಂಖ್ಯೆಯ ಪಟ್ಟಿಯಲ್ಲಿ ಕೆಳಗಿಳಿಯುತ್ತಿರುವ ಊರಿನ ನಡುವೆಯೇ ಇಂಥ ಅಂಗಡಿ ತೆರೆಯುವಷ್ಟು ಜನ ಬಂದು ನೆಲೆಸಿದ್ದಾರೆ ಎಂಬುದನ್ನು ಲೇಖನದ ಕೋಷ್ಟಕ ಹೇಳಲಾರದು.

ಸಿನ್ಸಿನಾಟಿಯ ಡೌನ್‌ಟೌನ್ ಬೆಟ್ಟಗಳಿಗೂ ನದಿಗೂ ನಡುವಿನ ಬಟ್ಟಲಿನಂಥ ನೆಲದಲ್ಲಿದೆ. ನನ್ನ ಕಣ್ಣಿಗೆ ಮೂರರಲ್ಲಿ ನಡೆದಾಡಲು ಚೆನ್ನಾಗಿರುವುದು ಅದೇ. ಫೌಂಟನ್ ಸ್ಕ್ವೇರ್‌ನಲ್ಲಿ 1871ರ ಕಾರಂಜಿ ಇದೆ. 1866ರ ರೋಬ್ಲಿಂಗ್ ತೂಗುಸೇತುವೆಯ ಮೇಲೆ ಕೆಲವೇ ನಿಮಿಷ ನಡೆದರೆ ಕೆಂಟಕಿಯ ಕವಿಂಗ್ಟನ್ ಸಿಗುತ್ತದೆ. ಅಲ್ಲಿ ಮನೆ ಮಾಡಿಕೊಂಡು ಇಲ್ಲಿ ದುಡಿಯುವವನು ಜನಗಣತಿಯ ದೃಷ್ಟಿಯಲ್ಲಿ ಬೇರೊಂದು ರಾಜ್ಯದವನು. ಆ ನಗರದ ವಿಮಾನ ನಿಲ್ದಾಣ ಇರುವುದೂ ಕೆಂಟಕಿಯಲ್ಲೇ. ಡೌನ್‌ಟೌನಿಗೆ ಹೊಂದಿಕೊಂಡ ಓವರ್-ದ-ರೈನ್ ಬಡಾವಣೆ 2001ರ ಗಲಭೆಯ ನಂತರ ಪಾಳುಬಿದ್ದ ಸ್ಥಿತಿಯಿಂದ ಚೇತರಿಸಿಕೊಂಡಿರುವುದು ನಿಜ. ಬಾಡಿಗೆ ಏರಿ ಅಲ್ಲಿನ ಹಳೆಯ ಬಡ ನಿವಾಸಿಗಳಲ್ಲಿ ಹಲವರು ಜಾಗ ಖಾಲಿ ಮಾಡಬೇಕಾಯಿತೆಂಬುದೂ ಅಷ್ಟೇ ನಿಜ.

ಸಾರಿಗೆಯ ವಿಷಯಕ್ಕೆ ಬಂದರೆ ಕೊಲಂಬಸ್ ತಲೆ ತಗ್ಗಿಸಬೇಕು. ಕ್ಲೀವ್‌ಲ್ಯಾಂಡಿನಲ್ಲಿ 1968ರಿಂದಲೇ ವಿಮಾನ ನಿಲ್ದಾಣದಿಂದ ನೇರವಾಗಿ ನಗರದ ನಡುವಿಗೆ ರೈಲು ಓಡುತ್ತಿದೆ. ಸಿನ್ಸಿನಾಟಿ 1920ರ ದಶಕದಲ್ಲಿ ಸುರಂಗ ತೋಡಿ, ಒಂದೂ ರೈಲು ಓಡಿಸದೆ ಕೈಬಿಟ್ಟು ನಗೆಪಾಟಲಾದರೂ 2016ರಲ್ಲಿ ಟ್ರಾಮ್ ತಂದಿತು. ಕೊಲಂಬಸ್‌ಗೆ 1979ರಿಂದ ಪ್ರಯಾಣಿಕರ ರೈಲೇ ಇಲ್ಲ. 2024ರ ನವೆಂಬರಿನಲ್ಲಿ ಮತದಾರರು ತ್ವರಿತ ಬಸ್ ಮಾರ್ಗಗಳಿಗಾಗಿ ಮಾರಾಟ ತೆರಿಗೆ ಹೆಚ್ಚಿಸಲು ಒಪ್ಪಿದ್ದಾರೆ. 220 ಚದರ ಮೈಲಿಗೆ ಚೆದುರಿದ ಊರನ್ನು ಬಸ್ಸಿನಿಂದ ಹೊಲಿಯುವುದು ಸುಲಭದ ಕೆಲಸವಲ್ಲ.

ಕೊನೆಯದಾಗಿ ಒಂದು ತಿದ್ದುಪಡಿ. ಲೇಖನದೊಂದಿಗೆ ಅಚ್ಚಾದ ಕೊಲಂಬಸ್‌ನ ಚಿತ್ರದ ಕೆಳಗೆ, ಸಯೋಟೊ ನದಿಯ ದಂಡೆಯ ಹುಲ್ಲುಹಾಸನ್ನು 'ನಗರದ ಹಳೆಯ ಉದ್ಯಾನ' ಎಂದು ಕರೆಯಲಾಗಿದೆ. 2013ರಲ್ಲಿ ಅಲ್ಲಿದ್ದ ತಗ್ಗು ಅಣೆಕಟ್ಟನ್ನು ಒಡೆದು ನದಿಯನ್ನು ಅದರ ಸಹಜ ಅಗಲಕ್ಕೆ ಇಳಿಸಿದಾಗ ಮೇಲೆದ್ದ ಸುಮಾರು 33 ಎಕರೆ ನೆಲವದು. ಅದಕ್ಕೂ ಮೊದಲು ಅಲ್ಲಿ ನಿಂತ ನೀರಿತ್ತು.

ಇಂತಿ,
ತಮ್ಮ ಓದುಗ